ಓಎಸ್ ಬದಲಿಸಿದ ಮೇಲೆ ಟೇಪ್ ಬ್ಯಾಕಪ್ ಯಾಕೆ ನಿಧಾನ?

ಶಿವಮೊಗ್ಗದ ಸುತ್ತಮುತ್ತ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ವಿಂಡೋಸ್ ಸರ್ವರ್ 2012 ಆರ್2 ಅನ್ನೋ ಹಳೆ ಆಪರೇಟಿಂಗ್ ಸಿಸ್ಟಮ್ಮಿಗೆ (ಓಎಸ್) ಉಚಿತ ಅಪ್‌ಡೇಟ್ ಬರೋದು 2023ರ ಅಕ್ಟೋಬರಿಗೆ ನಿಂತಿತಲ್ಲ, ಆವಾಗಿನಿಂದ ನನಗೆ ಬರುವ ಪ್ರಶ್ನೆ ಒಂದೇ. ಹೊಸ ಓಎಸ್ ಹಾಕಿದ ಮೇಲೆ ಟೇಪ್ ಬ್ಯಾಕಪ್ (ಡೇಟಾದ ಪ್ರತಿಯನ್ನು ಮ್ಯಾಗ್ನೆಟಿಕ್ ಟೇಪಿಗೆ ಬರೆದಿಡೋದು) ತುಂಬಾ ನಿಧಾನ ಆಗಿದೆ, ಟೇಪ್ ಡ್ರೈವ್ ಹಾಳಾಯ್ತಾ, ಹೊಸದು ತಗೊಳ್ಬೇಕಾ?

ಈಗಲೇ ತಗೋಬೇಡಿ. ಮೊದಲು ಒಂದು ಹಳೆ ಟೇಪ್ ಹಾಕಿ ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿ.

ಸಾಗರದ ಕಡೆ ಒಂದು ಅಡಿಕೆ ಸಂಘದಲ್ಲಿ ನಡೆದಿದ್ದು ಹೇಳ್ತೀನಿ. ಅಲ್ಲಿ ಮಳೆಗಾಲದಲ್ಲಿ ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ, ಹಾಗಾಗಿ ಟೇಪೇ ಆಧಾರ. ಎಲ್‌ಟಿಓ-6 ಅನ್ನೋ ಬಗೆಯ ಟೇಪ್ ಡ್ರೈವ್, ಸೆಕೆಂಡಿಗೆ 160 ಎಂಬಿ ಬರೆಯಬಲ್ಲದು. ಸುಮಾರು 1.2 ಟಿಬಿ ಡೇಟಾ, ರಾತ್ರಿ ಹತ್ತಕ್ಕೆ ಶುರುವಾದರೆ ಹನ್ನೆರಡೂವರೆಯೊಳಗೆ ಮುಗಿಯುತ್ತಿತ್ತು. ವಿಂಡೋಸ್ ಸರ್ವರ್ 2019ಕ್ಕೆ ಬದಲಿಸಿದ ಮಾರನೇ ದಿನವೇ ಲೆಕ್ಕದವರ ಫೋನು: "ಬೆಳಿಗ್ಗೆ ಒಂಬತ್ತಾಯ್ತು, ಇನ್ನೂ ಓಡ್ತಾನೇ ಇದೆ ಮಾರಾಯ್ರೆ."

ಹೋಗಿ ಡ್ರೈವಿಗೆ ಕಿವಿ ಕೊಟ್ಟೆ. ಸುಂಯ್ ಅಂತ ಓಡುತ್ತೆ, ಟಕ್ ಅಂತ ನಿಲ್ಲುತ್ತೆ, ಹಿಂದಕ್ಕೆ ಸುತ್ತುತ್ತೆ, ಮತ್ತೆ ಸುಂಯ್. ಟೇಪಿಗೆ ಡೇಟಾ ಒಂದೇ ಸಮನೆ ಬರುತ್ತಿರಬೇಕು. ಕಡಿಮೆ ಬಂದರೆ ಡ್ರೈವ್ ಒಂದು ಮಿತಿಯವರೆಗೆ ತನ್ನ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕಿಂತ ಕಡಿಮೆಯಾದರೆ ನಿಲ್ಲಲೇಬೇಕು. ಆದರೆ ಇದ್ದ ಜಾಗದಲ್ಲೇ ನಿಲ್ಲೋಕಾಗಲ್ಲ, ಸ್ಟಾಪ್ ದಾಟಿ ಹೋದ ಬಸ್ಸಿನ ಹಾಗೆ ಮುಂದೆ ಹೋಗಿ ನಿಂತು, ರಿವರ್ಸ್ ಬಂದು, ಮತ್ತೆ ವೇಗ ಹಿಡಿದು ಬರೆಯಬೇಕು. ಸಮಯವೂ ಹಾಳು, ಟೇಪೂ ಸವೆಯುತ್ತೆ.

ಡ್ರೈವ್ ಮೇಲೆ ನನಗೂ ಅನುಮಾನ ಇತ್ತು. ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಡ್ರೈವ್ ಸಿಕ್ಕಿಸಿದ್ದ ಅದೇ ಕಾರ್ಡು, ಅದೇ ಕೇಬಲ್ಲು, ಒಂದು ಖಾಲಿ ಟೇಪಿಗೆ 256 ಕೆಬಿ ಬ್ಲಾಕಿನಲ್ಲಿ (ಒಂದು ಸಲಕ್ಕೆ ಬರೆಯುವ ತುಂಡು) ಬರೆದೆ. ಸೆಕೆಂಡಿಗೆ 150 ಎಂಬಿ ಹತ್ತಿರ ಬಂತು. ಅಲ್ಲಿಗೆ ಡ್ರೈವ್ ಗಟ್ಟಿ ಇದೆ ಅಂತಾಯ್ತು. ಮತ್ತೆ ವಿಂಡೋಸಿಗೆ ಬಂದು ಹೋದ ವರ್ಷದ ಟೇಪ್ ಹಾಕಿದರೆ, ಅದನ್ನು ಓದಲೇ ಇಲ್ಲ. ನಿಜ ಹೇಳ್ತೀನಿ, ನಿಧಾನ ಅನ್ನೋದು ಆ ಕ್ಷಣಕ್ಕೆ ಮರೆತೇ ಹೋಯ್ತು. ಮೂರು ವರ್ಷದ ಲೆಕ್ಕ ಆ ಟೇಪುಗಳಲ್ಲಿತ್ತು.

ಆಗಿದ್ದು ಇಷ್ಟು. ಟೇಪ್ ಡ್ರೈವ್ ಸಿಕ್ಕಿಸುವ ಎಸ್‌ಎಎಸ್ ಕಾರ್ಡಿಗೆ ಹಳೆ ಓಎಸ್‌ನಲ್ಲಿ ಯಾರೋ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಮ್ಯಾಕ್ಸಿಮಮ್‌ಎಸ್‌ಜಿಲಿಸ್ಟ್ ಅನ್ನೋ ಅಂಕಿ ಏರಿಸಿಟ್ಟಿದ್ದರು. ಓಎಸ್ ಬದಲಾದಾಗ ಕಾರ್ಡಿನ ಡ್ರೈವರೂ (ಅದನ್ನು ನಡೆಸುವ ಸಾಫ್ಟ್‌ವೇರ್) ಬದಲಾಯ್ತು, ಆ ಸೆಟ್ಟಿಂಗ್ ಹೋಯ್ತು. ಅದು ಇಲ್ಲದಿದ್ದರೆ ಒಂದು ಸಲಕ್ಕೆ 64 ಕೆಬಿ ಮಾತ್ರ ದಾಟುತ್ತೆ. ಹಳೆ ಟೇಪಿನ ಬ್ಲಾಕು 256 ಕೆಬಿ, ಅಷ್ಟು ದೊಡ್ಡದು ಆ ಬಾಗಿಲಲ್ಲಿ ಹಿಡಿಸಲ್ಲ, ಅದಕ್ಕೇ ಓದಲಿಲ್ಲ. ಹೊಸ ಬ್ಯಾಕಪ್ಪೇನೋ 64ರ ಚಿಕ್ಕ ತುಂಡುಗಳಲ್ಲಿ ಕುಂಟುತ್ತಾ ನಡೀತಿತ್ತು. ಕಾರ್ಡ್ ಕಂಪನಿಯ ಡ್ರೈವರ್ ಹಾಕಿ, ಆ ಅಂಕಿ 255ಕ್ಕೆ ಏರಿಸಿ, ರೀಸ್ಟಾರ್ಟ್ ಮಾಡಿ, ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಬ್ಲಾಕು ಮತ್ತೆ 256ಕ್ಕೆ ತಂದ ಮೇಲೆ ಹಳೆ ಟೇಪ್ ಓದಿತು. ಆ ರಾತ್ರಿ ಬ್ಯಾಕಪ್ ಒಂದೂ ಕಾಲಿಗೆ ಮುಗಿಯಿತು.

ಉಳಿದ ಸ್ವಲ್ಪ ಹೊತ್ತು ಆಂಟಿವೈರಸ್ ತಿನ್ನುತ್ತಿತ್ತು. ವಿಂಡೋಸ್ ಸರ್ವರ್ 2016ರಿಂದ ಈಚೆಗೆ ಡಿಫೆಂಡರ್ ಅನ್ನೋ ಆಂಟಿವೈರಸ್ ತಾನಾಗಿಯೇ ಆನ್ ಇರುತ್ತೆ, ಬ್ಯಾಕಪ್ ಓದುವ ಫೈಲನ್ನೆಲ್ಲ ಅದೂ ಓದುತ್ತೆ. ಬ್ಯಾಕಪ್ ಪ್ರೋಗ್ರಾಮನ್ನು ಅದರ ಪಟ್ಟಿಯಿಂದ ಹೊರಗಿಟ್ಟೆ. ನಿಮ್ಮ ಹಳೆ ಟೇಪ್ ಸರಿಯಾಗಿ ಓದ್ತಾ ಇದೆ, ಆದರೂ ನಿಧಾನ ಅಂದರೆ ಮೊದಲು ಇಲ್ಲೇ ನೋಡಿ, ಆಮೇಲೆ ಡಿಸ್ಕಿನಿಂದ ಓದುವ ವೇಗ ನೋಡಿ.

ಈಗ ಎಲ್ಲೇ ಓಎಸ್ ಬದಲಿಸುವುದಿದ್ದರೂ ಹಿಂದಿನ ದಿನ ಬ್ಲಾಕ್ ಸೈಜು, ಡ್ರೈವರ್ ವರ್ಷನ್, ಆ ರಿಜಿಸ್ಟ್ರಿ ಅಂಕಿ, ಕೊನೆಯ ಬ್ಯಾಕಪ್ಪಿನ ವೇಗ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಟೇಪ್ ಡ್ರೈವಿನ ನೆತ್ತಿಗೇ ಅಂಟಿಸ್ತೀನಿ. ಮಳೆಗಾಲದ ತೇವಕ್ಕೆ ಅಂಟು ಬಿಡುತ್ತೆ, ಅದಕ್ಕೆ ಮೇಲೊಂದು ಅಗಲದ ಸೆಲ್ಲೋಟೇಪ್ ಕೂಡ.