ಕೆಲಸ ಇಲ್ಲದೆ ಬೆಂಗಳೂರಿಗೆ

"ಎಂತಕ್ಕೆ?"

ಬೆಂಗಳೂರಿಗೆ ಹೋಗಿ ಬರೋಣ ಅಂದಾಗ ಅತ್ತೆ ಕೇಳಿದ ಮೊದಲ ಮಾತು ಇದು. ಯಾರಿಗೆ ಹುಷಾರಿಲ್ಲ, ಯಾರ ಮನೆ ಮದುವೆ ಅಂತ ನನ್ನ ಮುಖ ನೋಡಿದರು. ಯಾರದ್ದೂ ಅಲ್ಲ, ಸುಮ್ನೆ ಅಂದೆ. ಊರು ನೋಡೋದು, ಹೋಟೆಲಲ್ಲಿ ತಿನ್ನೋದು, ವಾಪಸ್ ಬರೋದು. ಅಡಿಕೆ ಸುಲಿಯುತ್ತಿದ್ದ ಕೈ ನಿಂತಿತು. "ತಿನ್ನಕ್ಕೆ ಅಂತ ಅಷ್ಟು ದೂರ ಹೋಗ್ತಾರಾ?"

ಅತ್ತೆಗೆ ಈಗ 68. ಸಾಗರ ಪೇಟೆಯಿಂದ ಹನ್ನೊಂದು ಕಿಲೋಮೀಟರ್ ಒಳಗಿದೆ ನಮ್ಮ ಮನೆ. ಇಷ್ಟು ವರ್ಷದಲ್ಲಿ ಅವರು ಬೆಂಗಳೂರಿಗೆ ಹೋಗಿದ್ದು ನಾಲ್ಕು ಸಲ. ಎರಡು ಸಲ ಮಂಡಿ ನೋವಿಗೆ, ಒಂದು ಮದುವೆಗೆ, ಒಂದು ಗೃಹಪ್ರವೇಶಕ್ಕೆ. ಹೋದ ವರ್ಷ ಆಸ್ಪತ್ರೆಯಿಂದ ಬರುವಾಗ ಕಾರು ಒಂದು ಉದ್ದದ ಕಾಂಪೌಂಡ್ ಪಕ್ಕ ಸಿಗ್ನಲ್ಲಿಗೆ ನಿಂತಿತು. "ಇದು ಲಾಲ್‌ಬಾಗಾ?" ಅಂದರು. ಹೌದು ಅಂದೆ. ಕುತ್ತಿಗೆ ಉದ್ದ ಮಾಡಿ ಗೋಡೆ ಮೇಲಿನ ಮರದ ತುದಿ ನೋಡುತ್ತಿದ್ದರು, ಅಷ್ಟರಲ್ಲಿ ಹಸಿರು ದೀಪ ಬಂತು. ಅಲ್ಲಿಗೆ ಮುಗಿಯಿತು ಲಾಲ್‌ಬಾಗ್. ಆವತ್ತೇ ನಾನು ಮನಸ್ಸಲ್ಲಿ ಲೆಕ್ಕ ಹಾಕಿಕೊಂಡಿದ್ದೆ, ಒಂದು ಸಲ ಇವರನ್ನು ಯಾವ ಕೆಲಸವೂ ಇಲ್ಲದೆ ಕರ್ಕೊಂಡು ಬರಬೇಕು ಅಂತ.

ಕಷ್ಟ ಇದ್ದಿದ್ದು ದಿನ ಹುಡುಕೋದರಲ್ಲಿ. ಅತ್ತೆಗೆ ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡುವ ಆಸೆ. ಅದು ಕಾರ್ತಿಕದ ಕೊನೆಯ ಸೋಮವಾರ. ಆಗ ನಮ್ಮಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯೋದು. ಮರ ಹತ್ತಿ ಕೊಯ್ಯುವ ಕೊನೆಗಾರ ಸಿಗೋದೇ ಪುಣ್ಯ, ಅವನು ಬರುವ ದಿನ ಮನೆಯವರೇ ಇಲ್ಲ ಅಂದರೆ ಮುಂದಿನ ವರ್ಷ ನಮ್ಮ ತೋಟದ ಕಡೆ ತಲೆ ಹಾಕುವುದಿಲ್ಲ. ಜನವರಿಯಲ್ಲಿ ಅವರೆಬೇಳೆ ಮೇಳ ಇರುತ್ತದೆ, ಆಗ ಸುಲಿಯೋದು, ಒಣಗಿಸೋದು. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಲ್ಲಿ ಫಲಪುಷ್ಪ ಪ್ರದರ್ಶನ. ಅತ್ತೆಯ ಮಂಡಿ ಇಟ್ಟುಕೊಂಡು ಆ ಜನಜಂಗುಳಿಗೆ ಹೋಗುವ ಧೈರ್ಯ ನನಗಿಲ್ಲ. ಕೊನೆಗೆ ಫೆಬ್ರವರಿಗೆ ಬಂದು ನಿಂತೆವು.

ಯಾವ ವಾರ ಅನ್ನೋದನ್ನು ಮಾತ್ರ ಹೋಟೆಲಿನವರೇ ತೀರ್ಮಾನ ಮಾಡಿಕೊಟ್ಟರು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ನಮ್ಮೂರ ಕಡೆಯಿಂದ ಹೋಗುವವರು ಶನಿವಾರ ಭಾನುವಾರ ನೋಡಿಕೊಂಡು ಹೋಗಿ, ಮುಚ್ಚಿದ ಬಾಗಿಲು ಇಲ್ಲವೇ ಒಂದು ಗಂಟೆಯ ಕ್ಯೂ ನೋಡಿ ಬರುತ್ತಾರೆ. ಮಂಗಳವಾರ, ಬುಧವಾರ, ಗುರುವಾರ ಇಟ್ಟುಕೊಂಡರೆ ಮೂರೂ ತೆರೆದಿರುತ್ತವೆ. ಸೋಮವಾರ ರಾತ್ರಿ ರೈಲು ಹತ್ತಿ ಗುರುವಾರ ರಾತ್ರಿ ರೈಲಿಗೆ ಹೊರಡೋದು. ಅಡಿಕೆ ಮಂಡಿಯವರು ಕೊಟ್ಟ ಹಳೇ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಇದನ್ನೆಲ್ಲ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ.

ನಮ್ಮವರು ನೋಡಿ, "ಬಸ್ಸಲ್ಲಾದರೆ ನಿಮ್ಮಿಬ್ಬರಿಗೂ ಪುಕ್ಕಟೆ ಅಲ್ವಾ?" ಅಂದರು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ಅದು ಸ್ಲೀಪರ್ ಬಸ್ಸಿಗೆ ಅಲ್ಲ. ರಾತ್ರಿಯಿಡೀ ಕೂತು ಹೋದರೆ ಬೆಳಿಗ್ಗೆ ಅತ್ತೆಯ ಕಾಲು ಊದಿಕೊಂಡಿರುತ್ತದೆ. ಪುಕ್ಕಟೆ ಪ್ರಯಾಣವನ್ನು ಊರೊಳಗಿನ ಸಿಟಿ ಬಸ್ಸಿಗೆ ಇಟ್ಟುಕೊಂಡಿದ್ದೇವೆ, ಆಧಾರ್ ಕಾರ್ಡ್ ನನ್ನ ಬ್ಯಾಗಲ್ಲೇ ಇರುತ್ತದೆ. ಹೋಗಿ ಬರೋಕೆ ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲೇ ಸರಿ. ರಾತ್ರಿ ಮಲಗಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ಟಿಕೆಟ್ ಮಾಡುವಾಗ ಒಂದು ನೆನಪಿಡಿ, ನಮ್ಮ ಸ್ಟೇಷನ್ನಿನ ಹೆಸರು ಸಾಗರ ಜಂಬಗಾರು. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ. ಅರವತ್ತು ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತುಹೋಯಿತು, ಆದರೆ ಕೆಳಗಿನ ಬರ್ತ್ ಕೋಟಾ ಇದೆ. ಅತ್ತೆಗೆ ಕೆಳಗಿನದು ಸಿಕ್ಕಿದೆ. ನನಗೆ ಮೇಲಿನದು.

ಉಳಿಯೋದು ಎಲ್ಲಿ ಅನ್ನುವಲ್ಲಿ ನಿಜವಾದ ಗಲಾಟೆ ಶುರುವಾಯಿತು. ಅತ್ತೆಯ ತಮ್ಮ ಮಲ್ಲೇಶ್ವರದಲ್ಲಿದ್ದಾರೆ. ವಿಷಯ ಅವರ ಕಿವಿಗೆ ಹೇಗೆ ಬಿತ್ತೋ, ಫೋನ್ ಬಂತು. ಅತ್ತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡರು, ನನಗೂ ಕೇಳುತ್ತಿತ್ತು. "ಅಕ್ಕಾ, ನಮ್ಮ ಮನೆ ಇಟ್ಕೊಂಡು ಲಾಡ್ಜಾ? ನಾವು ಸತ್ತು ಹೋಗಿದ್ದೀವಾ?"

ಅವರದ್ದು ದೊಡ್ಡ ಮನಸ್ಸು, ಸುಳ್ಳಲ್ಲ. ಆದರೆ ನೆಂಟರ ಮನೆಯಲ್ಲಿ ಉಳಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಬೆಳಿಗ್ಗೆ ತಿಂಡಿ ತಿನ್ನದೆ ಹೊರಗೆ ಬಿಡುವುದಿಲ್ಲ. ತಿಂಡಿ ತಿಂದ ಮೇಲೆ ಎಂಟಿಆರ್‌ಗೆ ಯಾಕೆ ಹೋಗಬೇಕು? ಮಧ್ಯಾಹ್ನ ಊಟಕ್ಕೆ ಬರಲೇಬೇಕು. ಸಂಜೆ ಪಕ್ಕದ ಮನೆಯವರಿಗೆ ಪರಿಚಯ ಮಾಡಿಸುತ್ತಾರೆ. ಮೂರು ದಿನ ಹೀಗೇ ಹೋಗಿ, ವಾಪಸ್ ಬರುವಾಗ ಕೈಯಲ್ಲೊಂದು ಸೀರೆ. ನಾನು ಇದನ್ನೆಲ್ಲ ಹೇಳಲಿಲ್ಲ. ಅತ್ತೆಯೇ ಹೇಳಿದರು, "ಗುರುವಾರ ಮಧ್ಯಾಹ್ನ ಊಟಕ್ಕೆ ನಿನ್ನ ಮನೆಗೇ ಬರ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿ ತರ್ತೇನೆ." ಉಪ್ಪಿನಕಾಯಿ ಹೆಸರು ಕೇಳಿ ಆ ಕಡೆಯ ದನಿ ಮೆತ್ತಗಾಯಿತು.

ಲಾಡ್ಜಿನದು ನನಗೂ ಭಯವೇ. ಆಸ್ಪತ್ರೆಗೆ ಹೋದಾಗ ಫೋನಲ್ಲೇ ಬುಕ್ ಮಾಡಿದ್ದ ರೂಮಿನ ಫೋಟೋದಲ್ಲಿ ದೊಡ್ಡ ಕಿಟಕಿ ಇತ್ತು. ಕಿಟಕಿ ಇದ್ದಿದ್ದು ನಿಜ. ತೆರೆದರೆ ಒಂದು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಈ ಸಲ ಬಸವನಗುಡಿ ಕಡೆ ಒಂದು ಲಾಡ್ಜಿಗೆ ನಾನೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಲಿಫ್ಟ್ ಇದೆಯಾ, ಬೆಳಿಗ್ಗೆ ಐದಕ್ಕೆ ಬಂದರೆ ಬಾಗಿಲು ತೆಗೀತೀರಾ, ಕಿಟಕಿ ಯಾವ ಕಡೆ ತೆರೆಯುತ್ತೆ. ಮೂರನೆಯದಕ್ಕೆ ಆ ಹುಡುಗ ನಕ್ಕ. ರಸ್ತೆ ಕಡೆ ಮೇಡಂ ಅಂದ.

ಈಗ ತಿನ್ನುವ ವಿಷಯ. ಮಂಗಳವಾರ ಬೆಳಿಗ್ಗೆ ಸ್ನಾನ ಮುಗಿಸಿ ಸೀದಾ ಎಂಟಿಆರ್. 1924ರಿಂದ ನಡೆದು ಬಂದದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ ಅಂತ ಅವರು ಹೇಳಿಕೊಳ್ಳುತ್ತಾರೆ. ಅತ್ತೆ ಇದನ್ನು ಭದ್ರಾವತಿ ಆಕಾಶವಾಣಿಯಲ್ಲಿ ಯಾವಾಗಲೋ ಕೇಳಿದ್ದರಂತೆ. ಅವರು ಮಾಡುವ ರವೆ ಇಡ್ಲಿ ಮಧ್ಯದಲ್ಲಿ ಗಟ್ಟಿಯಾಗುತ್ತದೆ, ಅದು ಯಾಕೆ ಅಂತ ಅಲ್ಲಿ ಕೇಳಬೇಕಂತೆ. ಕೇಳಲಿ. ನನಗೆ ಇಡ್ಲಿ ಜೊತೆ ಕೊಡುವ ಆಲೂಗಡ್ಡೆ ಸಾಗು, ಬಟ್ಟಲಲ್ಲಿ ಬರುವ ತುಪ್ಪ ಸಾಕು.

ಅಲ್ಲಿಂದ ಲಾಲ್‌ಬಾಗ್ ನಡೆಯುವಷ್ಟು ಹತ್ತಿರ. 240 ಎಕರೆ ಅಂದೆ. "ಮರ ನೋಡಕ್ಕೆ ನಾವು ಬೆಂಗಳೂರಿಗೆ ಹೋಗದಾ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಮ್ಮ ಮನೆ ಹಿಂದೆಯೇ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟ. ಆಮೇಲೆ ಅಲ್ಲಿನ ಬಂಡೆಯ ವಿಷಯ ಹೇಳಿದೆ. ಸುಮಾರು 300 ಕೋಟಿ ವರ್ಷದ್ದು. ಅದರ ಮೇಲೆ ಕೆಂಪೇಗೌಡರ ಗೋಪುರ. ಹೈದರಾಲಿ 1760ರಲ್ಲಿ ತೋಟ ಶುರು ಮಾಡುವ ಮೊದಲೂ ಆ ಬಂಡೆ ಅಲ್ಲೇ ಕೂತಿತ್ತು. ಅತ್ತೆಗೆ ಮರಕ್ಕಿಂತ ಬಂಡೆ ಹಿಡಿಸಿತು. ಹತ್ತೋಕೆ ಆಗುತ್ತಾ ಅಂತ ಕೇಳಿದರು. ಮಂಡಿ ಹೇಳಿದ ಹಾಗೆ ಅಂದೆ.

ಸಂಜೆ ವಿ.ವಿ. ಪುರದ ತಿಂಡಿ ಬೀದಿ. ಬೀದಿಯಲ್ಲಿ ನಿಂತು ತಿನ್ನೋದನ್ನು ಅತ್ತೆ ಇನ್ನೂ ಒಪ್ಪಿಲ್ಲ. ಹೋಳಿಗೆ ಬಿಸಿ ಬಿಸಿ ಮಾಡಿಕೊಡುತ್ತಾರೆ ಅಂದಿದ್ದಕ್ಕೆ "ನೋಡೋಣ" ಅಂದಿದ್ದಾರೆ. ಅದೇ ಕಡೆ ವಿ.ಬಿ. ಬೇಕರಿಯಿಂದ ಖಾರದ ಕಾಂಗ್ರೆಸ್ ಕಡಲೆಕಾಯಿ ಒಂದು ಕೆಜಿ ತರಬೇಕು ಅಂತ ನಮ್ಮವರ ಆರ್ಡರ್.

ಬುಧವಾರ ಬೆಳಿಗ್ಗೆ ಬ್ರಾಹ್ಮಿನ್ಸ್. ಅಲ್ಲಿ ಸಾಂಬಾರ್ ಇಲ್ಲ, ಬರೀ ಚಟ್ನಿ. ಮೊದಲೇ ಹೇಳಿ ಇಟ್ಟಿದ್ದೇನೆ, ಇಲ್ಲದಿದ್ದರೆ ಅತ್ತೆ ಸಾಂಬಾರಿಗೆ ಕಾಯುತ್ತಾ ನಿಂತಿರುತ್ತಾರೆ. ದೊಡ್ಡ ಬಸವಣ್ಣ, ದೊಡ್ಡ ಗಣಪತಿ ನೋಡಿ ರೂಮಿಗೆ ಬಂದು ಮಲಗೋದು. ಪ್ರವಾಸದಲ್ಲಿ ಮಧ್ಯಾಹ್ನದ ನಿದ್ದೆ ಬರೆದುಕೊಳ್ಳದವರ ಪ್ಲಾನು ಎರಡನೇ ದಿನಕ್ಕೆ ಕೆಡುತ್ತದೆ, ಇದು ನನ್ನ ಅನುಭವ. ಎದ್ದ ಮೇಲೆ ವಿದ್ಯಾರ್ಥಿ ಭವನದ ದೋಸೆ. ಮನೆಯಲ್ಲಿ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ತಿಂದು ಬೆಳೆದವರಿಗೆ ಅದು ದಪ್ಪ ಅನಿಸುತ್ತದೆ, ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಕೈಯಿಂದ ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು ಬರುವ ಸಪ್ಲೈಯರ್‌ನನ್ನು ಅತ್ತೆ ನೋಡಬೇಕು. ನಾಲ್ಕು ಪಂಕ್ತಿಗೆ ಬಡಿಸಿ ಗೊತ್ತಿರುವ ಕೈ ಅವರದ್ದು, ಬೆಲೆ ಗೊತ್ತಾಗುತ್ತದೆ.

ಗುರುವಾರ ಕಬ್ಬನ್ ಪಾರ್ಕ್, ಹೊರಗಿನಿಂದ ವಿಧಾನಸೌಧ, ಮಲ್ಲೇಶ್ವರದ ಊಟ. ಅಷ್ಟೇ. ವಿಧಾನಸೌಧದ ಮುಂದೆ ನಿಂತು ಅತ್ತೆ ಏನಾದರೂ ಹೇಳಿಯೇ ಹೇಳುತ್ತಾರೆ. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, 2019ರಲ್ಲಿ, ನಮ್ಮ ಜಿಲ್ಲೆ ಬಂದ್ ಆಗಿತ್ತು. ಅದನ್ನು ಅವರು ಮರೆತಿಲ್ಲ. ಕರೆಂಟ್ ಕೊಟ್ಟಾಯ್ತು, ಈಗ ನೀರಾ ಅಂತ ಟಿವಿಗೆ ಬೈದಿದ್ದರು.

ಇಷ್ಟೆಲ್ಲ ಓದಿ ಹೇಳಿ, ನಿಮಗೆ ಯಾವುದು ನೋಡಬೇಕು ಅತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಆ ನೆಲದೊಳಗೆ ಹೋಗ್ತದಲ್ಲ, ಆ ರೈಲು" ಅಂದರು. ನನ್ನ ಪಟ್ಟಿಯಲ್ಲಿ ಮೆಟ್ರೋ ಬರೀ ಓಡಾಡುವ ಸಾಧನವಾಗಿತ್ತು. ಈಗ ಅದಕ್ಕೇ ಒಂದು ಗಂಟೆ ಇಟ್ಟಿದ್ದೇನೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿದರೆ ಚಿಕ್ಕಪೇಟೆ, ಮಾರ್ಕೆಟ್ ದಾಟುವವರೆಗೂ ನೆಲದೊಳಗೆ. ನ್ಯಾಷನಲ್ ಕಾಲೇಜು ಬರುವಾಗ ರೈಲು ಬೆಳಕಿಗೆ ಎದ್ದು ಮೇಲೆ ಹೋಗುತ್ತದೆ. ಕಿಟಕಿ ಕಡೆ ನಿಲ್ಲಿಸಬೇಕು ಅವರನ್ನು.

ನಿನ್ನೆ ಅತ್ತೆ ಕವಳದ (ಎಲೆ ಅಡಿಕೆಯ) ಸಂಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು, ಇನ್ನೂ ಹನ್ನೆರಡು ದಿನ ಇದೆ. ರೈಲಲ್ಲಿ, ಮೆಟ್ರೋದಲ್ಲಿ ಉಗಿಯೋ ಹಾಗಿಲ್ಲ ಅತ್ತೆ ಅಂದೆ. ಸಂಚಿ ಹೊರಗೆ ತೆಗೆದರು. ಬಿಚ್ಚಿ, ಹೊಗೆಸೊಪ್ಪು ಬೇರೆ ಮಾಡಿ ಡಬ್ಬಿಗೆ ಹಾಕಿಟ್ಟು, ಬರೀ ಅಡಿಕೆ ಚೂರನ್ನು ಸಂಚಿಗೆ ತುಂಬಿ ಮತ್ತೆ ಬ್ಯಾಗಿನ ತಳಕ್ಕೆ ಇಟ್ಟರು. "ಇದನ್ನ ನುಂಗಬಹುದಲ್ಲ ತಂಗೀ?"