ಆಲ್ಬಿನಿಯ ಡ್ರಮ್ಸ್ ಸದ್ದಿಗೆ ಯಾವ ಮೈಕ್ ಕೊಳ್ಳಬೇಕು?

ಸ್ವಂತ ಖರ್ಚಿನಲ್ಲಿ ಹಾಡು ರೆಕಾರ್ಡ್ ಮಾಡುವ ಬ್ಯಾಂಡುಗಳು ತಪ್ಪದೆ ಕೇಳುವ ಪ್ರಶ್ನೆ ಇದು. ಡ್ರಮ್ಸ್ ಸದ್ದಿಗೆ ಹೆಸರಾದ ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ 2024ರ ಮೇ 7ರಂದು, 61ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ ಮೇಲೆ ಇನ್ನೂ ಹೆಚ್ಚಾಗಿದೆ.

ಮೈಕ್ ಬೇಡ. ಆ ದುಡ್ಡಿಗೆ ಡ್ರಮ್ ಹೆಡ್‌ಗಳನ್ನು (ಬಡಿಯುವ ಚರ್ಮಗಳನ್ನು) ಬದಲಿಸಿ, ಶ್ರುತಿ ಮಾಡಿಸಿ. ಷಿಕಾಗೋದ ತಮ್ಮ ಎಲೆಕ್ಟ್ರಿಕಲ್ ಆಡಿಯೊ ಸ್ಟುಡಿಯೊದಲ್ಲಿ ಆಲ್ಬಿನಿ ಮಾಡುತ್ತಿದ್ದದ್ದು ಕೋಣೆಯಲ್ಲಿ ಕೇಳಿದ್ದನ್ನು ಹಾಗೇ ಟೇಪಿಗೆ ಇಳಿಸುವ ಕೆಲಸ. ನಿರ್ಮಾಪಕ ಎನಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. 1993ರಲ್ಲಿ ನಿರ್ವಾಣ ಬ್ಯಾಂಡಿನ 'ಇನ್ ಯೂಟೆರೊ' ಆಲ್ಬಮ್ ರೆಕಾರ್ಡ್ ಮಾಡಿದಾಗಲೂ ಪ್ಲಂಬರ್‌ನಂತೆ ಕೆಲಸಕ್ಕೆ ಕೂಲಿ ಸಾಕೆಂದು ರಾಯಲ್ಟಿ ಬಿಟ್ಟುಕೊಟ್ಟರು. ಇಂದಿನ ಲೆಕ್ಕದಲ್ಲಿ ಅದೆಷ್ಟು ದುಡ್ಡು, ಯೋಚಿಸಿ!

ಇನ್ನು ಸದ್ದಿನ ವಿಷಯ. ಕಾಲಿನ ಪೆಡಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಎರಡು ಮೈಕ್: ಒಂದು ಮುಂದೆ, ಇನ್ನೊಂದು ಪೆಡಲ್ ಬಡಿಯುವ ಕಡೆ. ಪೆಡಲಿನ ಬಡಿಗೆ, ಅಂದರೆ ಬೀಟರ್, ಬಡಿದಾಗ ಚರ್ಮ ಪೆಡಲ್ ಕಡೆಯ ಮೈಕಿನಿಂದ ದೂರ ಸರಿಯುತ್ತದೆ, ಮುಂದಿನ ಮೈಕಿನತ್ತ ಬರುತ್ತದೆ. ಎರಡನ್ನೂ ಹಾಗೇ ಕೂಡಿಸಿದರೆ ಒಂದರ ತಳದ ಗುಮ್ಮೆನ್ನುವ ಸದ್ದನ್ನು ಇನ್ನೊಂದು ನುಂಗುತ್ತದೆ. ಒಂದರ ಪೊಲಾರಿಟಿ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ ಒತ್ತಿ, ಕೇಳಿ. ಯಾವುದರಲ್ಲಿ ತಳ ದಪ್ಪವೋ ಅದೇ ಸರಿ. 'ನನ್ನ ಕಿಕ್ ತೆಳ್ಳಗಿದೆ' ಎಂದು ಈಕ್ವಲೈಜರ್ ತಿರುವುತ್ತಾ ಕೂರುವವರಲ್ಲಿ ಬಹಳ ಮಂದಿ ಈ ಒಂದು ಗುಂಡಿ ಒತ್ತಿರುವುದಿಲ್ಲ.

ಆಮೇಲೆ ಕೋಣೆಯ ಮೈಕುಗಳು. ಎಲ್ಲ ದಿಕ್ಕಿನಿಂದಲೂ ಸದ್ದು ಹಿಡಿಯುವ ಎರಡು ಓಮ್ನಿ ಮೈಕ್‌ಗಳನ್ನು ಆಲ್ಬಿನಿ ಡ್ರಮ್ಸ್‌ನಿಂದ ದೂರಕ್ಕೆ ಒಯ್ದು ನೆಲಕ್ಕೆ ಟೇಪು ಹಚ್ಚಿ ಅಂಟಿಸುತ್ತಿದ್ದರು. ಸ್ಟ್ಯಾಂಡಿನ ಮೇಲಿದ್ದರೆ ನೇರವಾಗಿ ಬಂದ ಸದ್ದಿಗೆ, ನೆಲಕ್ಕೆ ಬಡಿದು ತುಸು ತಡವಾಗಿ ಬಂದದ್ದು ಬೆರೆತು ನಡುನಡುವೆ ಕೆಲವು ಸ್ವರಗಳೇ ಅಳಿಸಿಹೋಗುತ್ತವೆ. ನೆಲದಲ್ಲಿ ಎರಡೂ ಒಟ್ಟಿಗೇ ತಲುಪುತ್ತವೆ. ಈ ಟ್ರ್ಯಾಕುಗಳನ್ನು 10ರಿಂದ 20 ಮಿಲಿಸೆಕೆಂಡ್ ತಡಮಾಡಿದರೆ ಕೋಣೆ ದೊಡ್ಡದಾದಂತೆ ಕೇಳುತ್ತದೆ, ಏಕೆಂದರೆ ಸದ್ದು ಮಿಲಿಸೆಕೆಂಡಿಗೆ ಒಂದು ಅಡಿಗಿಂತ ತುಸು ಹೆಚ್ಚು ಸಾಗುತ್ತದೆ; ಅಷ್ಟು ತಡವೆಂದರೆ ಮೈಕನ್ನು ಇನ್ನೂ ಹತ್ತಿಪ್ಪತ್ತಡಿ ಆಚೆ ಇಟ್ಟ ಹಾಗೆ. 30 ದಾಟಿಸಬೇಡಿ, ಒಂದೇ ಏಟು ಎರಡೇಟಾಗಿ ಕೇಳುತ್ತದೆ.

ಬ್ಯಾಂಡ್ ಅಭ್ಯಾಸ ಮಾಡುವ, ಹತ್ತಡಿಗೆ ಹನ್ನೆರಡಡಿಯ ಜಾಮ್ ರೂಮಿನಲ್ಲಿ ಇದು ನಡೆಯದು. ತಗ್ಗು ಸೀಲಿಂಗಿನಿಂದ ವಾಪಸು ಬರುವ ಸದ್ದೇ ಮೈಕಿಗೆ ತುಂಬಿ, ಡಬ್ಬಿಯೊಳಗೆ ಬಾರಿಸಿದ ಹಾಗಾಗುತ್ತದೆ. ತಡಮಾಡಿದರೆ ಆ ಡಬ್ಬಿಯೇ ದೂರದಿಂದ ಕೇಳುತ್ತದೆ, ಅಷ್ಟೆ. ಮುಹೂರ್ತವಿಲ್ಲದ ದಿನ ಮದುವೆ ಛತ್ರದ ಹಾಲ್ ಸಿಕ್ಕರೆ ನೋಡಿ. ಗ್ರಾನೈಟ್ ನೆಲ, ಬೋಳು ಗೋಡೆ, ಹಾಗಾಗಿ ಅನುರಣನ ವಿಪರೀತ. ಡ್ರಮ್ಸ್ ಸುತ್ತ ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಇಳಿಬಿಡಿ. ಮೈಕ್ ಅಂಟಿಸುವ ಜಾಗದಲ್ಲಿ ಮಾತ್ರ ನೆಲ ಬರಿದಾಗಿರಲಿ.