‘ಇದನ್ನ ಇಂಗ್ಲಿಷ್‌ನಲ್ಲೇ ಬರೀಬಹುದಿತ್ತಲ್ವಾ?’

ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆಗಳನ್ನು ನಾನು ಬರೆಯುತ್ತೇನೆ. ರೊಮ್ಯಾನ್ಸ್. ಅಂದರೆ ಕೊನೆಯಲ್ಲಿ ಇಬ್ಬರೂ ಜೊತೆಯಾಗಲೇಬೇಕು. ಇದು ಗೊತ್ತಾದವರು ಮೊದಲು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಕೇಳುವುದು ಇದೇ: ‘ಇದನ್ನ ಇಂಗ್ಲಿಷ್‌ನಲ್ಲೇ ಬರೀಬಹುದಿತ್ತಲ್ವಾ?’ ಕೇಳುವವರಲ್ಲಿ ನನ್ನ ಅಕ್ಕನೂ ಇದ್ದಾಳೆ. ಇಂಗ್ಲಿಷ್‌ನಲ್ಲಿದ್ದರೆ ಅಮ್ಮ ಓದುವುದಿಲ್ಲ ಅನ್ನುವುದು ಅವಳ ಲೆಕ್ಕ. (ಅಮ್ಮ ಓದಿ ಆಗಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.)

ಇಂಗ್ಲಿಷ್‌ನಲ್ಲಿ ಓದುಗರು ಜಾಸ್ತಿ, ನಿಜ. ಆದರೆ ನನ್ನ ಕಥೆಯ ಹುಡುಗರು ಬೆಂಗಳೂರಿನ ಶ್ರೀನಗರದವರು. ಒಬ್ಬ ಬಿಎಂಟಿಸಿ ಕಂಡಕ್ಟರ್, ಇನ್ನೊಬ್ಬ ಅಂಗಡಿಯೊಂದರ ಲೆಕ್ಕ ಬರೆಯುವವನು. ಅವರು ಜಗಳ ಆಡುವುದೇ ಕನ್ನಡದಲ್ಲಿ. ಕನ್ನಡದಲ್ಲಿ ಇಬ್ಬರು ಹತ್ತಿರವಾಗುವ ಗಳಿಗೆ ಎಲ್ಲಿ ಸಿಗುತ್ತದೆ ಗೊತ್ತಾ? ‘ನೀವು’ ಹೋಗಿ ‘ನೀನು’ ಬರುವಲ್ಲಿ. ಮೂರು ತಿಂಗಳು ‘ಮುಂದೆ ಹೋಗಿ ಸಾರ್’ ಅಂದ ಕಂಡಕ್ಟರ್ ಒಂದು ಸಂಜೆ ಮೆಲ್ಲಗೆ ‘ಕೂತ್ಕೋ, ಸೀಟಿದೆ’ ಅನ್ನುತ್ತಾನೆ. ಇಂಗ್ಲಿಷ್‌ನಲ್ಲಿ ನೀವೂ ‘ಯೂ’, ನೀನೂ ‘ಯೂ’. ಅಲ್ಲಿಗೆ ನನ್ನ ಒಂದು ಅಧ್ಯಾಯವೇ ಹೋಯಿತು.

ಹಾಗಂತ ಕನ್ನಡ ಸುಲಭಕ್ಕೆ ಬಗ್ಗುವುದಿಲ್ಲ. ಗಂಡು ಹೆಣ್ಣಿನ ಕಥೆಯಲ್ಲಿ ‘ನಕ್ಕ’, ‘ನಕ್ಕಳು’ ಅಂದರೆ ಸಾಕು, ಹೆಸರೇ ಬೇಡ. ನನ್ನಲ್ಲಿ ಇಬ್ಬರೂ ‘ನಕ್ಕ’. ‘ಅವನು ಅವನ ಕೈ ಹಿಡಿದ’ ಅಂತ ಬರೆದರೆ ಯಾರ ಕೈ ಯಾರು ಹಿಡಿದರು ಅಂತ ಮಾರನೇ ದಿನ ನನಗೇ ಗೊತ್ತಾಗುವುದಿಲ್ಲ. ಹುಡುಗಿ ಹುಡುಗನಿಗೆ ‘ಲೋ’ ಅಂದರೆ ಸಲುಗೆ. ಬೆಂಗಳೂರಿನ ಗಂಡಸರು ಸಿಕ್ಕಸಿಕ್ಕವರಿಗೆಲ್ಲ ‘ಲೋ’, ‘ಮಗಾ’ ಅನ್ನುತ್ತಾರೆ. ಅದಕ್ಕೇ ನನ್ನ ಹುಡುಗರು ಪ್ರೀತಿ ಉಕ್ಕಿದಾಗ ‘ಮಗಾ’ ಬಿಟ್ಟು ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ. ಇನ್ನು ‘ಸಲಿಂಗಕಾಮಿ’ ಅನ್ನುವ ಪದ. ಅದರಲ್ಲಿ ಕಾಮ ಇದೆ, ಬೆಳಿಗ್ಗೆ ಐದಕ್ಕೆ ಎದ್ದು ಡ್ಯೂಟಿಗೆ ಹೋಗುವವನ ಡಬ್ಬಿಗೆ ಚಿತ್ರಾನ್ನ ತುಂಬುವುದು ಇಲ್ಲ. ನಾನು ‘ಗೇ’ ಅಂತಲೇ ಬರೆಯುತ್ತೇನೆ. ಬಸ್ಸು, ಟಿಕೆಟ್ಟು ನಮ್ಮದಾಗಲಿಲ್ವಾ?

ಕನ್ನಡದವರು ಇದನ್ನು ಓದುವುದಿಲ್ಲ ಅನ್ನುವವರಿಗೆ ವಸುಧೇಂದ್ರ ಅವರ ‘ಮೋಹನಸ್ವಾಮಿ’ ನೆನಪಿಸುತ್ತೇನೆ. ಗೇ ಬದುಕಿನ ಆ ಕಥೆಗಳು ಬಂದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸೆಕ್ಷನ್ 377 ಅನ್ನು ಎತ್ತಿ ಹಿಡಿಯಿತು, ಗಂಡಸರಿಬ್ಬರ ಸಂಬಂಧ ಮತ್ತೆ ಅಪರಾಧವಾಯಿತು. ಅಂಥ ಕಾಲದಲ್ಲೂ ಕನ್ನಡದಲ್ಲಿ ಅದನ್ನು ಓದಿದರು. ಇಂಗ್ಲಿಷ್‌ಗೆ ಅದು ಹೋದದ್ದು ಆಮೇಲೆ, 2016ರಲ್ಲಿ.

ನನಗೆ ಪ್ರಕಾಶಕರು ಸಿಗಲಿಲ್ಲ, ಅದು ಬೇರೆ ಮಾತು. ಒಬ್ಬರು ಬೆನ್ನುಡಿಯಲ್ಲಿ ‘ಅಪರೂಪದ ಸ್ನೇಹದ ಕಥೆ’ ಅಂತ ಹಾಕೋಣ ಅಂದರು. ಇನ್ನೊಬ್ಬರು ಕೊನೆಯಲ್ಲಿ ಒಬ್ಬನನ್ನು ಸಾಯಿಸಿದರೆ ಚೆನ್ನಾಗಿರುತ್ತದೆ ಅಂದರು. ಸಾಯಿಸಲಿಲ್ಲ. ಕೈಯಿಂದ ದುಡ್ಡು ಹಾಕಿ 500 ಪ್ರತಿ ಮಾಡಿಸಿದೆ, ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಅನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ. ಆ ಅರ್ಜಿಯಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆ ಅಂತ ಕೇಳುವುದಿಲ್ಲ.

ಪ್ರೂಫ್ ನೋಡುವಾಗ ನಾಲ್ಕನೇ ಅಧ್ಯಾಯದಲ್ಲಿ ತಲೆ ಕೆಟ್ಟುಹೋಯಿತು. ‘ಭುಜಕ್ಕೆ ಒರಗಿಕೊಂಡ’ ಅಂತ ಇದ್ದದ್ದು ‘ಒರಗಿಕೊಂಡಳು’ ಆಗಿದೆ. ಪುಟ ತಿರುಗಿಸಿದರೆ ‘ನಾಚಿಕೊಂಡಳು’. ಕಥೆಯಲ್ಲಿ ಹುಡುಗಿಯೇ ಇಲ್ಲ!

ಡಿಟಿಪಿ ಮಾಡುವ ಹುಡುಗನನ್ನು ಕೇಳಿದೆ. ‘ಅಲ್ಲಲ್ಲಿ ಳು ಬಿಟ್ಟುಹೋಗಿತ್ತು ಸಾರ್, ನಾನೇ ಸರಿ ಮಾಡಿದೆ’ ಅಂದ. ಪಾಪ, ಖುಷಿಯಿಂದಲೇ ಅಂದ.

‘ಬಿಟ್ಟುಹೋಗಿಲ್ಲ. ಹಾಗೇ ಇರಬೇಕು.’

ಅವನು ಸ್ಕ್ರೀನ್ ನೋಡಿದ, ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ಒಂದೊಂದೇ ‘ಳು’ ಹುಡುಕಿ ಅಳಿಸುತ್ತಾ ಹೋದ. 11 ಸಿಕ್ಕವು. ಈ ಸಲ ಅವನು ಸುಮ್ನೆ ಅಳಿಸುತ್ತಿರಲಿಲ್ಲ, ಓದುತ್ತಿದ್ದ. ಟೀ ತಣ್ಣಗಾಯಿತು.

‘ಕೊನೆಗೆ ಇವರು ಮದುವೆ ಆಗ್ತಾರಾ ಸಾರ್?’

ಆಗಲ್ಲ ಅಂದೆ. 2018ರಲ್ಲಿ ಕೋರ್ಟು ಇದು ಅಪರಾಧ ಅಲ್ಲ ಅಂತ ಹೇಳಿತು. ಆದರೆ 2023ರಲ್ಲಿ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಅದಕ್ಕೇ ನನ್ನ ಕಥೆಯ ಕೊನೆಯಲ್ಲಿ ಇಬ್ಬರೂ ಸೇರಿ ಒಂದು ಮನೆ ಹಿಡಿಯುತ್ತಾರೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರುತ್ತದೆ. ಓನರ್‌ಗೆ ಇಬ್ಬರು ಬ್ಯಾಚುಲರ್‌ಗಳು, ಅಷ್ಟೇ.

‘ಎಷ್ಟು ದಿನಕ್ಕೆ ಕರಾರು?’

‘ಎಲ್ಲರ ಹಾಗೇ, 11 ತಿಂಗಳು.’

ಹುಡುಗ ಫೈಲ್ ಸೇವ್ ಮಾಡಿದ. ‘ಆಮೇಲೆ ರಿನ್ಯೂ ಮಾಡಿಸ್ತಾರೆ ತಾನೆ?’